ಕುಂಟಪ್ಪನ ಎರಡನೆಯ ಅರ್ಧ

ದುಬೈಯ ಊದ್ ಮೇಥಾದ ನಮ್ಮ ಫ್ಲ್ಯಾಟಿನಲ್ಲಿ ಒಂದು ಚಳಿಗಾಲವಿಡೀ ಸಂಜೆ ಹೊತ್ತು ಬಾತ್‌ರೂಮಿನ ಬಾಗಿಲು ಮುಚ್ಚುವಂತಿರಲಿಲ್ಲ. ಹಾಗೆಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಪಪ್ಪ ಫ್ಯಾಕ್ಟರಿಯಿಂದ ಬಂದು ಶೂ ಬಿಚ್ಚಿದವರೇ ನೀಲಿ ಬಕೆಟನ್ನು ಬೋರಲು ಹಾಕಿ ಅದರ ಮೇಲೆ ಕೂತು, ಗೋಡೆಯ ಮೇಲ್ಗಡೆಯ ಎಕ್ಸಾಸ್ಟ್ ಫ್ಯಾನಿನ ಕಡೆ ಮುಖ ಎತ್ತುತ್ತಿದ್ದರು. ನಾನು ಶಾಲೆಯ ಯೂನಿಫಾರಂನಲ್ಲೇ ಹೊಸ್ತಿಲ ಹತ್ತಿರ ನೆಲಕ್ಕೆ ಕೂರುತ್ತಿದ್ದೆ. ಹೊರಗಿನವರು ಯಾರಾದರೂ ನೋಡಿದ್ದರೆ ಅಪ್ಪ ಮಗಳಿಗೆ ತಲೆ ಕೆಟ್ಟಿದೆ ಅಂದುಕೊಳ್ಳುತ್ತಿದ್ದರು. ಕೆಟ್ಟಿತ್ತು ಕೂಡ. ಮಸೀದಿಯ ಮಗ್ರಿಬ್ ಬಾಂಗು ಮುಗಿದು ಸ್ವಲ್ಪ ಹೊತ್ತಿಗೆ ಆ ನಿಂತ ಫ್ಯಾನಿನ ರೆಕ್ಕೆಗಳ ಸಂದಿಯಿಂದ ನನ್ನ ಅಣ್ಣ ರೋಶನ್ ವಯಲಿನ್‌ನಲ್ಲಿ ನುಡಿಸುತ್ತಿದ್ದ ಮಟ್ಟು ಸಣ್ಣಗೆ ಕೇಳಿಸುತ್ತಿತ್ತು. ಅಣ್ಣ ತೀರಿಹೋಗಿ ಆಗ ಕೆಲವೇ ತಿಂಗಳಾಗಿತ್ತು.

ಆ ಮನೆಯ ಬಗ್ಗೆ ಮೊದಲು ಹೇಳಿಬಿಡುತ್ತೇನೆ. ಎರಡು ಕೋಣೆ, ಒಂದು ಹಾಲ್, ಇಬ್ಬರು ನಿಂತರೆ ಮೊಣಕೈ ತಾಗುವ ಅಡುಗೆಮನೆ. ಹಾಲಿನ ಕಿಟಕಿಯ ಏಸಿ ದಿನವಿಡೀ ಗೊಣಗುತ್ತಿತ್ತು. ಪಪ್ಪ ಮಂಗಳೂರು ಕಡೆಯ ಕೊಂಕಣಿ ಕ್ರೈಸ್ತರು, ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಒಂದು ಕಾರ್ಖಾನೆಯಲ್ಲಿ ಸ್ಟೋರ್ ಕೀಪರ್. ಅಮ್ಮ ಮೈಸೂರಿನವಳು, ಖಾಸಗಿ ಆಸ್ಪತ್ರೆಯಲ್ಲಿ ನರ್ಸ್. ಅಮ್ಮನಿಗೆ ಕೊಂಕಣಿ ಬಾರದು, ಕಲಿಯುವ ಮನಸ್ಸೂ ಇರಲಿಲ್ಲ. ಹಾಗಾಗಿ ಮನೆಯಲ್ಲಿ ಕನ್ನಡ. ಪಪ್ಪನ 'ಎಂತ' ಒಂದು ಕಡೆ, ಅಮ್ಮನ 'ಏನ್ರೀ' ಒಂದು ಕಡೆ, ನಡುವೆ ನಾವಿಬ್ಬರು ಮಕ್ಕಳು ಅರ್ಧ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟುಕೊಂಡು ಬೆಳೆದೆವು. ಅಮ್ಮನದು ಒಂದೇ ಒಂದು ಕಟ್ಟುನಿಟ್ಟು. ಮನೆ ಬಿಡುವಾಗ ಯಾರೂ 'ಹೋಗ್ತೀನಿ' ಅನ್ನಬಾರದು, 'ಬರ್ತೀನಿ' ಅನ್ನಬೇಕು. ಅವಳೂ ಯಾರಿಗೂ 'ಹೋಗು' ಅಂದವಳಲ್ಲ, 'ಹೋಗಿ ಬಾ' ಎಂದೇ ಕಳಿಸುವಳು. ಸ್ಕೂಲ್ ಬಸ್ಸು ಕೆಳಗೆ ಹಾರ್ನ್ ಹೊಡೆಯುತ್ತಿದ್ದರೂ ಅಣ್ಣನನ್ನು ಬಾಗಿಲಲ್ಲಿ ತಡೆದು ನಿಲ್ಲಿಸುತ್ತಿದ್ದಳು.

"ಬೈ ಅಂದ್ರೆ ಆಗಲ್ಲ. ಬರ್ತೀನಿ ಅನ್ನು."

"ಬರ್ತೀನಿ, ಬರ್ತೀನಿ, ಬರ್ತೀನಿ. ಹ್ಯಾಪಿ?"

ಪಪ್ಪ ಊರಿನ ಇಗರ್ಜಿಯ ಗಾಯನ ಮಂಡಳಿಯಲ್ಲಿ ವಯಲಿನ್ ಬಾರಿಸಿದವರು. ಕಾಗದದ ಮೇಲೆ ಇದ್ದದ್ದನ್ನು ಇದ್ದ ಹಾಗೆ ಬಾರಿಸುವುದು ಅವರ ಪಾಲಿಗೆ ಪ್ರಾರ್ಥನೆಯಷ್ಟೇ ಗಂಭೀರ ಸಂಗತಿ. ಅಣ್ಣನಿಗೂ ಹಾಗೇ ಕಲಿಸಿದರು. ಅಣ್ಣ ಕಾಟ ಕಳೆದರೆ ಸಾಕು ಎಂಬಂತೆ ಕಲಿತ. ಅಷ್ಟರಲ್ಲಿ ನಮ್ಮ ಮನೆಗೆ ನೋರಾ ಮಿಸ್ ಬಂದರು. ಐರ್ಲೆಂಡಿನವರು, ಇಲ್ಲಿನ ಒಂದು ಶಾಲೆಯಲ್ಲಿ ಟೀಚರ್. ಕಾಲು ಮುರಿದುಕೊಂಡು ಅಮ್ಮನ ವಾರ್ಡಿನಲ್ಲಿ ಮಲಗಿದ್ದಾಗ ಪರಿಚಯ. ಆಮೇಲೆ ಶುಕ್ರವಾರದ ರಜೆಯ ಊಟಕ್ಕೆ ಬರತೊಡಗಿದರು. ಪಪ್ಪ ಬೆಳಿಗ್ಗೆ ದೇರಾದ ಮೀನು ಮಾರುಕಟ್ಟೆಯಿಂದ ತಂದ ಬಂಗುಡೆಯ ಹುಳಿಖಾರದ ಪುಳಿಮುಂಚಿಯನ್ನು ಮಿಸ್ ತಿಂದು ಕಣ್ಣು ಮೂಗು ಎರಡೂ ಸೋರಿಸಿಕೊಂಡು ಇನ್ನೊಂದು ತುಂಡು ಕೇಳುವರು. ಒಂದು ಶುಕ್ರವಾರ ಊಟವಾದ ಮೇಲೆ ಮೂಲೆಯಲ್ಲಿದ್ದ ವಯಲಿನ್ ನೋಡಿ, "ಇದನ್ನು ಯಾರು ನುಡಿಸುತ್ತಾರೆ?" ಎಂದು ಇಂಗ್ಲಿಷಿನಲ್ಲಿ ಕೇಳಿದರು. ಅದನ್ನು ಗಲ್ಲಕ್ಕೆ ಒತ್ತದೆ ಎದೆಗೆ ಆನಿಸಿಕೊಂಡು ಅವರು ನುಡಿಸಿದ್ದೇ ಆ ಹಾರ್ನ್‌ಪೈಪ್.

ಹಾರ್ನ್‌ಪೈಪ್ ಅಂದರೆ ಅವರ ಕಡೆಯ ಒಂದು ಕುಣಿತದ ಮಟ್ಟು. ಅದಕ್ಕೆ ಎರಡು ಅರ್ಧ. ಮೊದಲರ್ಧ ಎರಡು ಸಲ, ಎರಡನೆಯ ಅರ್ಧ ಎರಡು ಸಲ, ಆಮೇಲೆ ಮತ್ತೆ ಮೊದಲಿಂದ. ಒಂದು ಸ್ವರ ಉದ್ದ, ಮುಂದಿನದು ಗಿಡ್ಡ, ಮತ್ತೆ ಉದ್ದ, ಮತ್ತೆ ಗಿಡ್ಡ. ಕಾಲು ಎಳೆದುಕೊಂಡು ಖುಷಿಯಲ್ಲಿ ನಡೆಯುವವನ ನಡಿಗೆ. ಪಪ್ಪ ಕೇಳಿದ ಕೂಡಲೇ ಅದಕ್ಕೆ 'ಕುಂಟಪ್ಪ' ಎಂದು ಹೆಸರಿಟ್ಟರು, ಅದೇ ಉಳಿಯಿತು. ನೋರಾ ಮಿಸ್ ಹೇಳಿದ ಹೆಸರು ಪ್ರತಿಸಲ ಬೇರೆ ಇರುತ್ತಿತ್ತು. ಅವರ ಅಪ್ಪ ಒಂದು ಹೆಸರಿನಿಂದ ಕರೆದರೆ ಗುಡ್ಡದಾಚೆಯ ಅತ್ತೆ ಇನ್ನೊಂದರಿಂದ ಕರೆಯುತ್ತಿದ್ದರಂತೆ. ಪ್ರತಿ ಅರ್ಧದ ಕೊನೆಗೂ ಮೂರು ಪೆಟ್ಟು, ಡಂ, ಡಂ, ಡಂ. ಅಣ್ಣ ಅದನ್ನು ಎಷ್ಟು ಹಚ್ಚಿಕೊಂಡನೆಂದರೆ ಶಾಲೆಯಿಂದ ಬಂದು ಬಾಗಿಲು ತಟ್ಟುವಾಗಲೂ ಅದೇ ಮೂರು ಪೆಟ್ಟು. ಕಾಲಿಂಗ್ ಬೆಲ್ಲಿಗೆ ಬೆಲೆಯೇ ಇಲ್ಲದಂತಾಯಿತು.

ನೋರಾ ಮಿಸ್ ಕಾಗದ ಮುಟ್ಟುತ್ತಿರಲಿಲ್ಲ. ಒಂದು ತುಣುಕು ಅವರು ನುಡಿಸುವುದು, ಅದನ್ನು ಅಣ್ಣ ಕಿವಿಯಿಂದ ಹಿಡಿದು ತಿರುಗಿ ನುಡಿಸುವುದು, ಅಷ್ಟೇ ಪಾಠ. ಪಪ್ಪನಿಗೆ ಇದು ಸುತರಾಂ ಹಿಡಿಸಲಿಲ್ಲ. ಸ್ವರ ಬರೆಯುವ ಗೆರೆ ಕಾಗದ, ಪೆನ್ಸಿಲು, ರಬ್ಬರು ಹಿಡಿದು ಸೋಫಾದ ಎದುರು ನೆಲದ ಮೇಲೆ ಕೂರುತ್ತಿದ್ದರು.

"ಒಮ್ಮೆ ಸರಿ ಬಾರಿಸು ಮಾರಾಯ, ಬರ್ಕೊಳ್ತೇನೆ."

ಅಣ್ಣ ಬಾರಿಸುವನು. ಎರಡನೆಯ ಅರ್ಧದ ನಡುವೆ ಒಂದು ತಿರುವು ಇತ್ತು, ಅಲ್ಲಿಗೆ ಬರುವಾಗ ಪಪ್ಪನ ರಬ್ಬರು ಓಡತೊಡಗುತ್ತಿತ್ತು.

"ಏ, ಏ! ಆಗ ಕೆಳಗೆ ಹೋದವ ಈಗ ಎಂತಕ್ಕೆ ಮೇಲೆ ಹೋದದ್ದು?"

"ಚಿಲ್ ಪಪ್ಪಾ. ಅದು ಹಾಗೇ."

"ಹಾಗೇ ಅಂದ್ರೆ ಹೇಗೆ? ದಿನಕ್ಕೊಂದು ತರ ಬಾರಿಸಿದ್ರೆ ಅದಕ್ಕೆ ಪದ ಅಂತ ಹೇಳ್ತಾರಾ?"

ಅಡುಗೆಮನೆಯಿಂದ ಅಮ್ಮ, "ಏನ್ರೀ, ಮಗೂನ ಉಸಿರಾಡೋಕಾದ್ರೂ ಬಿಡಿ" ಎನ್ನುವಳು. ಪಪ್ಪ ಕಾಗದ ಹರಿದು ಮುದ್ದೆ ಮಾಡಿ ನನ್ನ ತಲೆಗೆ ಎಸೆಯುವರು. ನಗು, ಬೈಗುಳ, ಮೀನಿನ ವಾಸನೆ, ಏಸಿಯ ಗೊಣಗಾಟ. ಸುಖ ಎಂದರೆ ಏನು ಎಂದು ಯಾರಾದರೂ ಕೇಳಿದರೆ ಇವತ್ತಿಗೂ ನನಗೆ ಆ ಶುಕ್ರವಾರದ ಮಧ್ಯಾಹ್ನಗಳೇ ನೆನಪಾಗುತ್ತವೆ.

ಇನ್ನೊಂದು ಪದ್ಧತಿಯನ್ನೂ ನೋರಾ ಮಿಸ್ ನಮಗೆ ಕಲಿಸಿದ್ದರು. ಈ ಮಟ್ಟುಗಳು ತಮ್ಮಷ್ಟಕ್ಕೆ ತಾವು ಮುಗಿಯುವುದಿಲ್ಲ, ಸುತ್ತುತ್ತಲೇ ಇರುತ್ತವೆ. ನಾಲ್ಕು ಜನ ಸೇರಿ ನುಡಿಸುವಾಗ ಯಾವಾಗ ನಿಲ್ಲಿಸುವುದು? ಶುರು ಮಾಡಿದವನು ಕೊನೆಯ ಸುತ್ತಿನಲ್ಲಿ ಒಂದು ಕಾಲನ್ನು ನೆಲದಿಂದ ಎತ್ತಿ ಮುಂದೆ ಚಾಚುತ್ತಾನೆ. ಎಲ್ಲರೂ ಅದನ್ನು ನೋಡಿ ಒಟ್ಟಿಗೆ ಮುಗಿಸುತ್ತಾರೆ. ಬೇರೆಯವರು ಕಾಲೆತ್ತುವುದು ಮರ್ಯಾದೆಯಲ್ಲ. ನಮ್ಮ ಮನೆಯಲ್ಲಿ ಶುರು ಮಾಡುವವನು ಯಾವಾಗಲೂ ಅಣ್ಣ. ಸೋಫಾದ ಮೂಲೆಯಲ್ಲಿ ಕೂತು, ಸವೆದ ಚಪ್ಪಲಿಯ ಎಡಗಾಲನ್ನು ನನ್ನ ಮೂಗಿನವರೆಗೂ ಎತ್ತುತ್ತಿದ್ದ. ನಾನು 'ಛೀ' ಎಂದು ಕಿರುಚಬೇಕು, ಮೂರು ಪೆಟ್ಟು ಬೀಳಬೇಕು, ಆಗಲೇ ಮಟ್ಟು ಮುಗಿದಂತೆ.

ಅಣ್ಣ ಸತ್ತದ್ದು ಫುಟ್‌ಬಾಲ್ ಆಡುವಾಗ. ಓಡುತ್ತಿದ್ದವನು ಬಿದ್ದ. ಎಡವಿದ ಎಂದುಕೊಂಡು ಗೆಳೆಯರು ನಕ್ಕರಂತೆ. ಹುಟ್ಟಿನಿಂದಲೇ ಹೃದಯದಲ್ಲಿ ಒಂದು ದೋಷವಿತ್ತು, ಯಾರಿಗೂ ಗೊತ್ತಿರಲಿಲ್ಲ. "ಊರವರ ನಾಡಿಯೆಲ್ಲ ಹಿಡಿದು ನೋಡೋಳು ನಾನು" ಎಂದು ಅಮ್ಮ ಒಂದೇ ಮಾತನ್ನು ಮತ್ತೆ ಮತ್ತೆ ಹೇಳಿದಳು, ಆಮೇಲೆ ಏನೂ ಹೇಳಲಿಲ್ಲ. ಊರಿಗೆ ಕರೆದುಕೊಂಡು ಹೋಗಿ ಪಪ್ಪನ ಇಗರ್ಜಿಯ ಮಣ್ಣಿನಲ್ಲಿಟ್ಟೆವು. ರಜೆ ಮುಗಿಯಿತು. ಗಲ್ಫಿನ ಬದುಕೇ ಹಾಗೆ, ದುಃಖಕ್ಕೂ ರಜೆ ಇದ್ದಷ್ಟೇ ದಿನ. ಮೂವರೂ ವಿಮಾನ ಹತ್ತಿ ವಾಪಸು ಬಂದೆವು. ಅವನ ಸಮಾಧಿ ಅಲ್ಲಿ, ಅವನ ಟೂತ್‌ಬ್ರಶ್ ಇಲ್ಲಿ. ಫ್ಲ್ಯಾಟಿನ ಬಾಗಿಲು ತೆರೆದಾಗ ಒಳಗಿನ ಗಾಳಿಯಲ್ಲಿ ಅವನ ಡಿಯೋಡರೆಂಟಿನ ವಾಸನೆ ಇನ್ನೂ ನಿಂತಿತ್ತು. ಅಮ್ಮ ಅಲ್ಲೇ ಸೂಟ್‌ಕೇಸ್ ಬಿಟ್ಟು ಕುಸಿದಳು.

ಅವನು ನುಡಿಸಿದ್ದು ಯಾವುದಾದರೂ ಉಳಿದಿದೆಯೇ ಎಂದು ಹುಡುಕಿದೆವು. ಅಮ್ಮನ ಫೋನಿನಲ್ಲಿ ಕ್ರಿಸ್‌ಮಸ್ಸಿನ ಒಂದು ವಿಡಿಯೊ ಇತ್ತು. ಮೊದಲರ್ಧ ಪೂರ್ತಿ ಇದೆ. ಎರಡನೆಯ ಅರ್ಧ ಶುರುವಾಗುವಾಗ ಯಾರೋ "ಕೇಕ್!" ಎಂದು ಕೂಗುತ್ತಾರೆ, ಅಲ್ಲಿಗೆ ನಿಂತುಹೋಗುತ್ತದೆ. ಕೂಗಿದ್ದು ನಾನೇ. ಅಣ್ಣನ ಸ್ವಂತ ಫೋನಿನಲ್ಲಿ ಬೇಕಾದಷ್ಟಿತ್ತು, ಆದರೆ ಅದರ ಲಾಕ್ ನಮಗೆ ಗೊತ್ತಿರಲಿಲ್ಲ. ಪಪ್ಪ ಅದನ್ನು ದೇರಾದ ಒಂದು ಮೊಬೈಲ್ ಅಂಗಡಿಗೆ ಒಯ್ದರು. ಅಂಗಡಿಯವನು ಏನೇನೋ ಒತ್ತಿ, "ಖಲಾಸ್, ಓಪನ್!" ಎಂದು ನಗುತ್ತಾ ಕೈಗೆ ಕೊಟ್ಟ. ಫೋನ್ ತೆರೆದಿತ್ತು. ಒಳಗಿದ್ದುದೆಲ್ಲ ಅಳಿಸಿಹೋಗಿತ್ತು.

ಆ ದಿನ ಅಮ್ಮ ಪಪ್ಪನ ಮೇಲೆ ಕಿರುಚಾಡಲಿಲ್ಲ. ಕಿರುಚಾಡಿದ್ದರೇ ಚೆನ್ನಾಗಿತ್ತು. ವಯಲಿನನ್ನು ಪೆಟ್ಟಿಗೆಯಲ್ಲಿಟ್ಟು ಅಲ್ಮೇರಾದ ಮೇಲಕ್ಕೆ ತಳ್ಳಿ, "ಇನ್ನು ಈ ಮನೇಲಿ ಆ ಕುಂಟಪ್ಪನ ಸುದ್ದಿ ಬೇಡ. ಬಾಯಲ್ಲೂ ಬೇಡ" ಎಂದಳು. ಪಪ್ಪ ತಲೆ ತಗ್ಗಿಸಿದರು. ಅದಾಗಿ ಕೆಲವು ವಾರಕ್ಕೆ ಬಾತ್‌ರೂಮಿನಲ್ಲಿ ಆ ದನಿ ಶುರುವಾಯಿತು.

ಮೊದಲು ಕೇಳಿದವಳು ನಾನು. ಹೆದರಿಕೆಯಾಗಲಿಲ್ಲ ಎಂದರೆ ಸುಳ್ಳು. ಆದರೆ ಓಡಿಹೋಗಲು ಮನಸ್ಸಾಗಲಿಲ್ಲ. ಬಾವಿಯ ತಳದಿಂದ ಬಂದ ಹಾಗೆ ಗುಂಯ್‌ಗುಡುತ್ತಾ, ಹುಡುಗನದೋ ಹೆಂಗಸಿನದೋ ಹೇಳಲಾಗದ ಸ್ವರ. ಎರಡನೆಯ ಅರ್ಧದ ಆ ತಿರುವು, ಅವನು ಮೇಲಕ್ಕೆ ಹಾರುವ ಜಾಗ, ನನಗೆ ಸ್ಪಷ್ಟವಾಗಿ ಕೇಳಿತು. ಪಪ್ಪನಿಗೆ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಬಂದು ಬಕೆಟಿನ ಮೇಲೆ ಕೂತು ಕೇಳಿದರು. "ಅವನೇ," ಎಂದರು, "ಅವನೇ ಮಾರಾಯ್ತಿ." ಅಮ್ಮನಿಗೆ ಹೇಳುವುದು ಬೇಡ ಎಂದು ಇಬ್ಬರೂ ಸೇರಿ ತೀರ್ಮಾನಿಸಿದೆವು. ಅವಳಿಗೆ ಆಗೆಲ್ಲ ಆಸ್ಪತ್ರೆಯಿಂದ ಬರುವುದು ತಡವಾಗುತ್ತಿತ್ತು, ಡ್ಯೂಟಿ ವಹಿಸಿಕೊಡಲು ಹೊತ್ತಾಗುತ್ತದೆ ಎನ್ನುತ್ತಿದ್ದಳು. ಅವಳು ಬರುವಷ್ಟರಲ್ಲಿ ದನಿ ನಿಂತಿರುತ್ತಿತ್ತು. ನಾವು ಬಕೆಟನ್ನು ನೆಟ್ಟಗೆ ಮಾಡಿ, ನೀರು ಬಿಟ್ಟು, ಏನೂ ಗೊತ್ತಿಲ್ಲದವರ ಹಾಗೆ ಹೊರಗೆ ಬರುತ್ತಿದ್ದೆವು. ದಿನವಿಡೀ ನಾನು ಆ ಸಂಜೆಗಾಗಿ ಕಾಯುತ್ತಿದ್ದೆ. ನಾಚಿಕೆಯಿಲ್ಲದೆ ಹೇಳುತ್ತೇನೆ, ಅಣ್ಣ ಸತ್ತ ಮೇಲೆ ನಾನು ಮೊದಲ ಸಲ ಖುಷಿಯಾಗಿದ್ದೆ.

ಹೀಗಿರುವಾಗ ಒಂದು ಸಂಜೆ ಆ ದೆವ್ವ ಸೀನಿತು.

ಒಂದಲ್ಲ, ಮೇಲಿಂದ ಮೇಲೆ ಸೀನಿ, "ಅಯ್ಯೋ ಯೇಸಪ್ಪಾ" ಎಂದಿತು. ಪಪ್ಪ ನನ್ನ ಮುಖ ನೋಡಿದರು, ನಾನು ಪಪ್ಪನ ಮುಖ ನೋಡಿದೆ. ಹಾಗೆ ಸೀನಿ ಹಾಗೆ ದೇವರನ್ನು ಕರೆಯುವವರು ನಮ್ಮ ಮನೆಯಲ್ಲಿ ಒಬ್ಬರೇ.

ಬಾತ್‌ರೂಮುಗಳ ಗಾಳಿ ಹೋಗುವ ಶಾಫ್ಟು ಟೆರೇಸಿನವರೆಗೆ ಹೋಗಿ ಅಲ್ಲಿ ಬಾಯಿ ತೆರೆದುಕೊಂಡಿದೆ ಎಂಬುದು ನಮಗೆ ಹೊಳೆದೇ ಇರಲಿಲ್ಲ. ಲಿಫ್ಟಿನಲ್ಲಿ ಕೊನೆಯ ಮಹಡಿಗೆ ಹೋಗಿ ಅಲ್ಲಿಂದ ಮೆಟ್ಟಿಲು ಹತ್ತಿದೆವು. ಟೆರೇಸಿನ ತುಂಬ ಡಿಶ್ ಆಂಟೆನಾಗಳು, ನೀರಿನ ಟ್ಯಾಂಕುಗಳು, ಯಾರದೋ ಒಣಗಿದ ಲುಂಗಿಗಳು. ಶಾಫ್ಟಿನ ಗಿಡ್ಡ ಗೋಡೆಗೆ ಬೆನ್ನು ಕೊಟ್ಟು, ನರ್ಸಿನ ಬಿಳಿ ಶೂಗಳನ್ನು ಬಿಚ್ಚಿ ಪಕ್ಕದಲ್ಲಿಟ್ಟುಕೊಂಡು, ಅಮ್ಮ ಕೂತಿದ್ದಳು. ಕಣ್ಣು ಮುಚ್ಚಿಕೊಂಡು ಗುನುಗುತ್ತಿದ್ದಳು.

"ಸ್ಟೆಲ್ಲಾ," ಎಂದರು ಪಪ್ಪ.

ಅವಳು ಬೆಚ್ಚಿ ಕಣ್ಣು ಬಿಟ್ಟಳು. "ಮನೇಲಿ ಬೇಡ ಅಂದೋಳು ನಾನೇ. ಅದಕ್ಕೇ ಇಲ್ಲಿಗೆ ಬರ್ತೀನಿ. ಕೆಳಗೆ ಬಂದ್ರೆ ನೀವಿಬ್ರೂ ನನ್ನ ಮುಖಾನೇ ನೋಡ್ತೀರ. ಎಲ್ಲಿ ಅಳಲಿ ಹೇಳಿ?"

"ನಾವು ಕೆಳಗೆ ಬಾತ್‌ರೂಮಿನಲ್ಲಿ ಕೂತು ಕೇಳ್ತಾ ಇದ್ದೆವು."

"ಏನನ್ನ?"

"ಅವನೇ ಅಂತ ಎಣಿಸಿದ್ದು."

ಅಮ್ಮ ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ನನಗೆ ಅವಳ ಮೇಲೆ ಬಂದ ಸಿಟ್ಟನ್ನು ಹೇಗೆ ಹೇಳಲಿ! ಹೋಗಿ ತಬ್ಬಿಕೊಳ್ಳಬೇಕಾದವಳು ನಾನು ಅಲ್ಲೇ ನಿಂತು ಕಿರುಚಿದೆ.

"ಅಣ್ಣ ಹಾಗೆ ಬಾರಿಸ್ತಿರಲಿಲ್ಲ! ಅಲ್ಲಿ ಮೇಲೆ ಹೋಗಬೇಕು. ನೀನು ಕೆಳಗೆ ಹೋಗ್ತೀ. ನಿಂದು ರಾಂಗ್!"

ಶಾಫ್ಟಿನ ಗುಂಗಿಲ್ಲದೆ ಹತ್ತಿರದಿಂದ ಕೇಳಿದಾಗ ಅಮ್ಮನ ಆ ತಿರುವು ಕೆಳಗಿಳಿದು ಅಲ್ಲೇ ಸ್ವಲ್ಪ ತಂಗುತ್ತಿತ್ತು. ಅಷ್ಟು ದಿನ ಬಾತ್‌ರೂಮಿನಲ್ಲಿ ನಾನು ಕೇಳಿದ್ದು ನನಗೆ ಬೇಕಾದದ್ದನ್ನೇ. ಪಪ್ಪ ಕೇಳಿದ್ದು ಅವರಿಗೆ ಬೇಕಾದದ್ದನ್ನು. ಏಕೆಂದರೆ ಅವರು ಆಗ, "ಇಬ್ಬರದ್ದೂ ಸರಿ ಇಲ್ಲ. ಅಲ್ಲಿ ಅವ ಒಮ್ಮೆ ನಿಲ್ತಿದ್ದ, ಆಮೇಲೆ ಮುಂದೆ ಹಾರ್ತಿದ್ದ" ಎಂದರು.

ಅಲ್ಲಿಂದ ನಮ್ಮ ಮನೆಯಲ್ಲಿ ಜಗಳ ಶುರುವಾಯಿತು. ತಿಂಗಳುಗಟ್ಟಲೆ ಸತ್ತಂತಿದ್ದ ಮನೆ ಆ ಒಂದು ತಿರುವಿಗಾಗಿ ಬಾಯಿ ಬಿಟ್ಟಿತು. ಪಪ್ಪ ಅಲ್ಮೇರಾದ ಮೇಲಿಂದ ವಯಲಿನ್ ಇಳಿಸಿ ತಮ್ಮದನ್ನು ಬಾರಿಸಿ ತೋರಿಸಿದರು. ಅಮ್ಮ ಸೌಟು ಹಿಡಿದುಕೊಂಡೇ ಹಾಲಿಗೆ ಬಂದು ತನ್ನದನ್ನು ಗುನುಗಿದಳು. ನಾನು ಶಿಳ್ಳೆ ಹಾಕಿದೆ. ತಟ್ಟೆಯ ಮುಂದೆ, ಇಸ್ತ್ರಿಯ ಮುಂದೆ, ಇಗರ್ಜಿಯ ಪೂಜೆಗೆ ಹೊರಟು ಲಿಫ್ಟಿಗೆ ಕಾಯುವಾಗ, ಎಲ್ಲೆಲ್ಲೂ ಅದೇ ಜಗಳ.

"ಹೆತ್ತೋಳು ನಾನು. ನನಗೆ ಗೊತ್ತಿಲ್ವಾ?"

"ಕಲಿಸಿದವ ನಾನು. ಅವನ ಬೆರಳು ನನಗೆ ಗೊತ್ತುಂಟು."

"ಅವನ ರೂಮಲ್ಲಿ ಮಲಗ್ತಿದ್ದೋಳು ನಾನು!" ಎಂದು ನಾನು ಕೂಗುತ್ತಿದ್ದೆ.

ತಮಾಷೆ ಏನೆಂದರೆ, ಬದುಕಿದ್ದಾಗ ದಿನಕ್ಕೊಂದು ತರ ಬಾರಿಸುತ್ತಾನೆ ಎಂದು ಅವನಿಗೆ ಬೈದವರೇ, ಸತ್ತ ಮೇಲೆ ಒಂದೇ ತರ ಬಾರಿಸುತ್ತಿದ್ದ ಎಂದು ಹಟ ಹಿಡಿದಿದ್ದರು. ಆದರೆ ಆಗ ಅದು ತಮಾಷೆಯಾಗಿ ಕಾಣಲಿಲ್ಲ. ಮೂವರಲ್ಲಿ ಒಬ್ಬರದು ಸರಿ ಎಂದಾದರೆ ಉಳಿದಿಬ್ಬರು ಅವನನ್ನು ಆಗಲೇ ಮರೆತಿದ್ದಾರೆ ಎಂದಾಯಿತಲ್ಲ? ಆ ಇಬ್ಬರಲ್ಲಿ ತಾನಿರಬಾರದು ಎಂದು ಪ್ರತಿಯೊಬ್ಬರೂ ಒದ್ದಾಡುತ್ತಿದ್ದೆವು. ನಾನಂತೂ ಮಲಗುವ ಮುಂಚೆ ಕಿವಿ ಮುಚ್ಚಿಕೊಂಡು ನನ್ನ ತಿರುವನ್ನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೆ. ಹೇಳಿಕೊಂಡಷ್ಟೂ ಅದು ನನ್ನದಾಗುತ್ತಾ ಹೋಯಿತು, ಅವನದಾಗಿ ಉಳಿಯಲಿಲ್ಲ. ಅದು ಗೊತ್ತಾದಾಗ ಆದಷ್ಟು ಭಯ ಮತ್ತೆ ಯಾವತ್ತೂ ಆಗಿಲ್ಲ.

ಕೊನೆಗೆ ಪಪ್ಪನೇ ನೋರಾ ಮಿಸ್‌ಗೆ ಫೋನ್ ಮಾಡಿದರು. ಅವರು ಅಷ್ಟರಲ್ಲಿ ಅಬುಧಾಬಿಯ ಶಾಲೆಯೊಂದಕ್ಕೆ ಹೋಗಿದ್ದರು. "ಅವರೇ ಕಲಿಸಿದ್ದಲ್ಲ, ಅವರು ಹೇಳಿದ ಮೇಲೆ ಮಾತಿಲ್ಲ" ಎಂದು ಪಪ್ಪ ನಮಗಿಬ್ಬರಿಗೂ ಎಚ್ಚರಿಕೆ ಕೊಟ್ಟರು. ಶುಕ್ರವಾರ ನೋರಾ ಮಿಸ್ ತಮ್ಮ ಪಿಟೀಲಿನ ಪೆಟ್ಟಿಗೆಯೊಂದಿಗೆ ಬಂದರು. ಅಮ್ಮ ಬಂಗುಡೆ ಮಾಡಿದ್ದಳು, ಅದು ತಟ್ಟೆಗಳಲ್ಲಿ ಹಾಗೇ ಉಳಿಯಿತು. ಒಬ್ಬೊಬ್ಬರಾಗಿ ನಮ್ಮ ನಮ್ಮ ತಿರುವನ್ನು ಒಪ್ಪಿಸಿದೆವು, ಕೋರ್ಟಿನಲ್ಲಿ ಸಾಕ್ಷಿ ಹೇಳಿದ ಹಾಗೆ. ನೋರಾ ಮಿಸ್ ಮೂರನ್ನೂ ಕೇಳಿದರು.

"ನಾನು ಕಲಿಸಿದ್ದು ಇದರಲ್ಲಿ ಯಾವುದೂ ಅಲ್ಲ" ಎಂದರು. ಅವರ ಇಂಗ್ಲಿಷನ್ನು ನಾನು ಅಮ್ಮನಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ, ಆದರೂ ಅಮ್ಮ ನನ್ನ ಕಡೆ ತಿರುಗಿದಳು. "ನಾನು ಕಲಿಸಿದ್ದು ನನ್ನಪ್ಪ ನುಡಿಸುತ್ತಿದ್ದ ರೀತಿ. ನನ್ನ ಅತ್ತೆಯದು ಬೇರೆ. ಯಾವುದು ಸರಿ ಎಂದು ನಮ್ಮ ಕಡೆ ಯಾರೂ ಕೇಳುವುದಿಲ್ಲ. ಎರಡು ಸಲ ಒಂದೇ ತರ ನುಡಿಸಿದರೆ, ಇವತ್ತು ಮೈ ಹುಷಾರಿಲ್ಲವಾ ಎಂದು ಕೇಳುತ್ತಾರೆ. ರೋಶನ್ ಒಂದು ದಿನವೂ ಅದನ್ನು ಹಿಂದಿನ ದಿನದ ಹಾಗೆ ನುಡಿಸಲಿಲ್ಲ. ನಿಮ್ಮ ಮೂರೂ ನಾನು ಅವನ ಕೈಯಲ್ಲಿ ಕೇಳಿದ್ದೇನೆ. ನಿಮಗೆ ಗೊತ್ತಿಲ್ಲದವನ್ನೂ ಕೇಳಿದ್ದೇನೆ."

ಪಪ್ಪ ಎದ್ದು ಹೋಗಿ ವಯಲಿನ್ ತೆಗೆದುಕೊಂಡು ಬಂದರು. ಸೋಫಾದ ಮೂಲೆಯನ್ನು ಬಿಟ್ಟು ಅದರ ಪಕ್ಕ ಕೂತು, ಕುಂಟಪ್ಪನನ್ನು ಶುರು ಮಾಡಿದರು. ಒಂದು ಸುತ್ತು ಆದ ಮೇಲೆ ನೋರಾ ಮಿಸ್ ಸೇರಿಕೊಂಡರು. ಎರಡನೆಯ ಅರ್ಧದ ತಿರುವಿನಲ್ಲಿ ಪಪ್ಪ ತಮ್ಮದನ್ನು ಬಾರಿಸಿದರು. ಮುಂದಿನ ಸಲ ಬಂದಾಗ ನನ್ನ ಕಡೆ ನೋಡಿ ಮೇಲೆ ಹೋದರು. ಅದರ ಮುಂದಿನ ಸಲ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಮ್ಮನ ಕಡೆ ನೋಡಿ ಕೆಳಗಿಳಿದರು. ಕಾಗದವಿಲ್ಲದೆ ಒಂದು ಹೆಜ್ಜೆ ಇಡದ ಮನುಷ್ಯ! ಆಮೇಲೆ ನಮಗೆ ಯಾರಿಗೂ ಗೊತ್ತಿಲ್ಲದ ತಿರುವುಗಳು ಬಂದವು. ಅವು ಎಲ್ಲಿಂದ ಬಂದವೋ ಗೊತ್ತಿಲ್ಲ, ಆಗ ನಾನು ಪಪ್ಪನ ಮುಖ ನೋಡದೆ ಕೈಯನ್ನು ಮಾತ್ರ ನೋಡಿದೆ. ಬೆರಳುಗಳು ಅಣ್ಣನ ಬೆರಳುಗಳ ಹಾಗೇ ಇದ್ದವು.

ಆದರೆ ಪಪ್ಪ ನಿಲ್ಲಿಸಲಿಲ್ಲ. ಸುತ್ತಿನ ಮೇಲೆ ಸುತ್ತು ಹೋಯಿತು. ಅವರ ಎರಡು ಪಾದಗಳೂ ನೆಲಕ್ಕೆ ಅಂಟಿದ ಹಾಗಿದ್ದವು, ಕಣ್ಣು ಸೋಫಾದ ಖಾಲಿ ಮೂಲೆಯ ಮೇಲಿತ್ತು. ಕಾಲೆತ್ತಬೇಕಾದವನು ಅಲ್ಲಿ ಕೂರುತ್ತಿದ್ದವನು, ತಾನಲ್ಲ, ಎಂಬಂತೆ. ನೋರಾ ಮಿಸ್ ಅವರ ಹಣೆಯಲ್ಲಿ ಬೆವರು ಇಳಿಯುತ್ತಿತ್ತು, ಅವರು ನಿಲ್ಲಿಸುವಂತಿರಲಿಲ್ಲ. ನಾನು ಎತ್ತೋಣವೆಂದರೆ ನನ್ನ ಕಾಲು ಮರಗಟ್ಟಿತ್ತು. ಇದು ಮುಗಿದರೆ ಅವನು ಮುಗಿದ ಎಂದು ನಮಗೆಲ್ಲ ಗೊತ್ತಿತ್ತು. ಮುಗಿಯದಿದ್ದರೆ ಪಪ್ಪ ಉಳಿಯುವುದಿಲ್ಲ ಎಂದು ಅವರ ಮುಖ ನೋಡಿದಾಗ ನನಗೆ ಅನಿಸಿತು.

ಅಮ್ಮ ಸೆರಗಿಗೆ ಕೈ ಒರೆಸಿಕೊಂಡು ಬಂದು ಸೋಫಾದ ಆ ಮೂಲೆಯಲ್ಲಿ ಕೂತಳು. ಅಲ್ಲಿ ಅಷ್ಟು ತಿಂಗಳು ಯಾರೂ ಕೂತಿರಲಿಲ್ಲ. ತನ್ನ ಎಡಗಾಲನ್ನು ಮೆಲ್ಲಗೆ ನೆಲದಿಂದ ಎತ್ತಿ ಮುಂದೆ ಚಾಚಿದಳು. ಪಪ್ಪ ಆ ಪಾದವನ್ನು ನೋಡಿದರು. ಮೂರು ಪೆಟ್ಟು ಬಿದ್ದವು. ಡಂ, ಡಂ, ಡಂ.

ನಾವೆಲ್ಲರೂ ಬಾಗಿಲಿನ ಕಡೆ ತಿರುಗಿದೆವು. ಅಭ್ಯಾಸಬಲ ಅನ್ನಿ, ಇನ್ನೇನಾದರೂ ಅನ್ನಿ. ಅಮ್ಮ ಎದ್ದು ಹೋಗಿ ಚಿಲಕ ತೆಗೆದು ಬಾಗಿಲನ್ನು ಪೂರ್ತಿ ತೆರೆದಳು. ಕಾರಿಡಾರ್ ಖಾಲಿ ಇತ್ತು. ಪಕ್ಕದ ಮನೆಯ ಚಪ್ಪಲಿಗಳು, ಲಿಫ್ಟಿನ ಸಣ್ಣ ಕೆಂಪು ದೀಪ. ದಿನಾ ಬೆಳಿಗ್ಗೆ ಅವನನ್ನು ತಡೆದು ನಿಲ್ಲಿಸುತ್ತಿದ್ದ ಜಾಗದಲ್ಲಿ ಅವಳು ಸ್ವಲ್ಪ ಹೊತ್ತು ನಿಂತಳು, ಆಮೇಲೆ ಅಡ್ಡ ನಿಂತವಳು ದಾರಿ ಬಿಡುವ ಹಾಗೆ ಪಕ್ಕಕ್ಕೆ ಸರಿದಳು.

"ಹೋಗು ಕಂದ," ಎಂದಳು.